ಕಾಲುವೆ ಸೀಮೆಯಲ್ಲಿ ಬಡಾವಣೆಗೆ ನೆಲ ಗುರುತಿಸಿದ ಬಗೆ: ನನ್ನ ಅನುಭವ

ಕೊಪ್ಪಳ ಜಿಲ್ಲೆಯ ಗಂಗಾವತಿ ಸೀಮೆಯ ಒಂದು ಪಟ್ಟಣದ ಮಹಾಯೋಜನೆಯನ್ನು ಪರಿಷ್ಕರಿಸಿದ ತಂಡದಲ್ಲಿ ನಾನಿದ್ದೆ. ಮುಂದೆ ಮನೆ, ಮಳಿಗೆ, ಕಾರ್ಖಾನೆಗಳು ಯಾವ ಯಾವ ಸರ್ವೆ ನಂಬರುಗಳಲ್ಲಿ ಬರಬಹುದೆಂಬುದನ್ನು ಕರ್ನಾಟಕ ಪಟ್ಟಣ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ ಅಡಿ ಗೊತ್ತುಮಾಡುವುದು ಈ ಯೋಜನೆಯೇ. ನಾವು ಚೆನ್ನಾದ ಜಾಗ ಹುಡುಕುತ್ತೇವೆಂದು ಜನ ಭಾವಿಸುತ್ತಾರೆ. ವಾಸ್ತವದಲ್ಲಿ ಮೊದಲು ಮುಟ್ಟಬಾರದ ನೆಲವನ್ನು ಬದಿಗಿಟ್ಟು, ಉಳಿದದ್ದರಲ್ಲಿ ಊರನ್ನು ಕೂರಿಸುತ್ತೇವೆ.

ಎಷ್ಟು ನೆಲ ಬೇಕೆಂಬ ಲೆಕ್ಕ ಕಷ್ಟದ್ದಲ್ಲ. ಹೆಕ್ಟೇರಿಗೆ 100 ಜನರೆಂದು ಹಿಡಿದರೆ, ಹೆಚ್ಚುವ ಪ್ರತಿ 10,000 ಜನರಿಗೆ 100 ಹೆಕ್ಟೇರ್, ಎಂದರೆ ಸುಮಾರು 250 ಎಕರೆ ಬೇಕು. ಜನಸಂಖ್ಯೆಗೆ ನಮಗಿದ್ದ ಆಧಾರ 2011ರ ಜನಗಣತಿ ಮಾತ್ರ. ಹಾಗಾಗಿ ಹೊಸ ನಲ್ಲಿ ಸಂಪರ್ಕ, ವಿದ್ಯುತ್ ಮೀಟರುಗಳ ಪಟ್ಟಿಯನ್ನೂ ಜೊತೆಗಿಟ್ಟುಕೊಂಡು ಅಂದಾಜನ್ನು ತಿದ್ದಿಕೊಂಡೆವು.

ಬದಿಗಿಡುವ ಕೆಲಸಕ್ಕೇ ತಿಂಗಳುಗಳು ಹಿಡಿದವು. ಕೆರೆ, ಹಳ್ಳ, ಅವುಗಳ ಅಂಚು, ಸ್ಮಶಾನ, ದನ ಮೇಯಲು ಬಿಟ್ಟ ಗಾಯರಾಣ, ಬಂಡೆಗುಡ್ಡಗಳು ಹೋದವು. ಆನೆಗೊಂದಿ ಕಡೆಯ ಹಳ್ಳಿಗಳು ಹಂಪಿಯ ಪಾರಂಪರಿಕ ಪ್ರದೇಶವನ್ನು ನೋಡಿಕೊಳ್ಳುವ ಪ್ರಾಧಿಕಾರದ ವ್ಯಾಪ್ತಿಗೆ ಸೇರಿದ್ದರಿಂದ ಅವೂ ಹೋದವು. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಅಚ್ಚುಕಟ್ಟಿನ ಗದ್ದೆಗಳ ವಿಷಯದಲ್ಲಿ ಮಾತ್ರ ತಂಡದಲ್ಲೇ ವಾದವಾಯಿತು. ರಸ್ತೆಗೆ ಅಂಟಿಕೊಂಡ ಗದ್ದೆಗೆ ನೀರು, ಕರೆಂಟು ಒಯ್ಯುವುದು ಅಗ್ಗವೆಂಬುದು ಒಂದು ಪಕ್ಷ. ಸರ್ಕಾರವೇ ಖರ್ಚು ಮಾಡಿ ನೀರುಣಿಸಿದ, ವರ್ಷಕ್ಕೆ ಎರಡು ಬೆಳೆ ಕಂಡ ನೆಲವನ್ನು ಸೈಟು ಮಾಡಬಾರದೆಂಬುದು ನನ್ನ ಪಕ್ಷ. ಆ ಗದ್ದೆಗಳ ಎರೆಮಣ್ಣು ಮಳೆಗೆ ಹಿಗ್ಗಿ ಬೇಸಿಗೆಗೆ ಬಿರುಕು ಬಿಡುವುದರಿಂದ ಅಡಿಪಾಯದ ಖರ್ಚೂ ಏರುತ್ತದೆ. ಕಾಲುವೆಗಿಂತ ಎತ್ತರದಲ್ಲಿರುವ ಮಸಾರಿ, ಎಂದರೆ ಕೆಂಪು ಮಣ್ಣಿನ ಹೊಲಗಳತ್ತ ಕೊನೆಗೆ ಒಪ್ಪಿಗೆಯಾಯಿತು.

ಆ ಹೊಲಗಳಲ್ಲಿ ನಾನು ಪಾಠ ಕಲಿತೆ. ಉಪಗ್ರಹ ಚಿತ್ರದಲ್ಲಿ ಸಮತಟ್ಟಾಗಿ ಕಂಡ ಒಂದು ತುಂಡಿಗೆ ವಸತಿಯ ಹಳದಿ ಬಣ್ಣ ಬಳಿದಿದ್ದೆ. ಪಹಣಿಯಲ್ಲಿ ‘ಬ’ ಖರಾಬು (ಹಳ್ಳ, ದಾರಿಯಂಥ ಸಾರ್ವಜನಿಕ ಬಳಕೆಗೆ ಬಿಟ್ಟ ನೆಲ) ಕೆಲವು ಗುಂಟೆ ಎಂದಿದ್ದುದನ್ನು ಓದಿಯೂ ಗಮನಿಸಿರಲಿಲ್ಲ. ನಡೆದು ನೋಡಲು ಹೋದಾಗ ಪಕ್ಕದ ಹೊಲದ ಹಿರಿಯರು, “ಸಾಹೇಬ್ರ, ಇದು ಹಳ್ಳರೀ, ಉತ್ತು ಉತ್ತು ಮುಚ್ಚ್ಯಾರ. ದೊಡ್ಡ ಮಳಿ ಬಂದ್ರ ನೀರು ತನ್ನ ದಾರಿ ತಾನ ಹಿಡಿತೈತಿ” ಎಂದರು. ಹಳೆಯ ಗ್ರಾಮನಕ್ಷೆ ಬಿಡಿಸಿದರೆ ಅಲ್ಲಿ ಹಳ್ಳದ ಜೋಡಿಗೆರೆ ಸ್ಪಷ್ಟವಾಗಿತ್ತು. ಅಂದಿನಿಂದ ಗ್ರಾಮನಕ್ಷೆ, ಸರ್ವೆ ನಂಬರುಗಳ ವಿಸ್ತೀರ್ಣ ಹೇಳುವ ಆಕಾರಬಂದು, ಪಹಣಿ ಮೂರನ್ನೂ ತಾಳೆ ನೋಡದೆ, ಮಳೆಗಾಲದಲ್ಲಿ ಒಮ್ಮೆಯಾದರೂ ಹೊಲದಲ್ಲಿ ನಿಲ್ಲದೆ ಬಣ್ಣ ಬಳಿದಿಲ್ಲ.

ಕರಡು ಪ್ರಕಟವಾದ ಮೇಲೆ ಆಕ್ಷೇಪಣೆಗೆ 60 ದಿನಗಳ ಅವಕಾಶವಿರುತ್ತದೆ. ನನ್ನ ಹೊಲವನ್ನು ಬಿಡಿ ಎಂಬ ಅರ್ಜಿಗಳೇ ಹೆಚ್ಚು ಬರುತ್ತವೆಂದುಕೊಂಡಿದ್ದೆ. ಬಂದವುಗಳಲ್ಲಿ ಹೆಚ್ಚಿನವು ನನ್ನದನ್ನೂ ಹಳದಿಗೆ ಸೇರಿಸಿ ಎಂದವು. ಕೃಷಿಗೆಂದು ಉಳಿಸಿದ ಹಸಿರು ವಲಯದ ಹೊಲಕ್ಕೆ ಎನ್ಎ, ಎಂದರೆ ಕೃಷಿಯೇತರ ಬಳಕೆಯ ಅನುಮತಿ ಸಿಗುವುದು ಕಷ್ಟ, ಆದ್ದರಿಂದ ಗೆರೆಯ ಆಚೆ ಈಚೆ ದರ ಬೇರೆಯೇ ಆಗುತ್ತದೆ. ಹಳ್ಳ ತೋರಿಸಿದ್ದ ಹಿರಿಯರ ಮಗನೂ ಅರ್ಜಿ ಹಿಡಿದು ಬಂದಿದ್ದ: ಆ ಹಳ್ಳದ ಅಂಚನ್ನು ಕಾಯ್ದಿರಿಸಲು ಹೋಗಿ ಅವರ ಹೊಲದ ಒಂದು ಭಾಗಕ್ಕೂ ಹಸಿರು ಬಿದ್ದಿತ್ತು. ಗೆರೆಯನ್ನು ನಾವು ಬದಲಿಸಲಿಲ್ಲ.