ಮೂವತ್ತೆರಡು ಮನೆಯ ಹಾಳೆ: ಜಾಝ್ ಲೆಕ್ಕದಲ್ಲಿ ನಾನು ಪತ್ತೇದಾರಿ ಕಾದಂಬರಿ ಕಟ್ಟಿದ ಬಗೆ

ಪತ್ತೇದಾರಿ ಕಾದಂಬರಿಯನ್ನು ಜಾಝ್ ಸಂಗೀತದ ಚೌಕಟ್ಟಿನಲ್ಲಿ ಕೂರಿಸಬಹುದು ಎಂದು ನಾನು ಹೇಳಿದಾಗ ದಾವಣಗೆರೆಯ ನಮ್ಮ ಬರಹಗಾರರ ಕೂಟದಲ್ಲಿ ಒಬ್ಬರೂ ಒಪ್ಪಿರಲಿಲ್ಲ. ಈಗ ಅದೇ ಲೆಕ್ಕದಲ್ಲಿ ಬರೆದ ನನ್ನ ಮೂರನೆಯ ಕಾದಂಬರಿಯ ಮೊದಲ ಮುದ್ರಣ ಮುಗಿದು, ಎರಡನೆಯದೂ ಅರ್ಧಕ್ಕಿಂತ ಹೆಚ್ಚು ಖರ್ಚಾಗಿದೆ. ಕೊಲೆಗಾರನನ್ನು ಮೊದಲೇ ಊಹಿಸಿದ್ದೆವು ಎಂದ ಓದುಗರು ಬೆರಳೆಣಿಕೆಯಷ್ಟು ಮಾತ್ರ. ಕೊನೆಯಲ್ಲಿ ಮೋಸ ಮಾಡಿದಿರಿ ಎಂದು ದೂರಿದವರು ಯಾರೂ ಇಲ್ಲ. ಈ ಎರಡೂ ಒಂದೇ ಪುಸ್ತಕಕ್ಕೆ ದಕ್ಕುವುದು ಎಷ್ಟು ಕಷ್ಟವೆಂದು ಈ ಪ್ರಕಾರದಲ್ಲಿ ಬರೆಯುವವರಿಗೆ ಗೊತ್ತಿರುವುದರಿಂದ, ಮಾಡಿದ್ದನ್ನು ಬರೆದಿಡುತ್ತಿದ್ದೇನೆ.

ನನ್ನ ಜೀವನೋಪಾಯ ನ್ಯಾಯಾಲಯದ ಸಮೀಪದ ಒಂದು ಡಿಟಿಪಿ ಮತ್ತು ಜೆರಾಕ್ಸ್ ಅಂಗಡಿ. ಬೆಳಗಿನ ಜಾವ ಐದರಿಂದ ಏಳರವರೆಗೆ ಬರವಣಿಗೆ, ಆಮೇಲೆ ಅಡುಗೆ, ಹತ್ತು ಗಂಟೆಯಿಂದ ಅಂಗಡಿ. ಕ್ರಯಪತ್ರ, ವಿಭಾಗಪತ್ರ, ಅಫಿಡವಿಟ್ಟುಗಳನ್ನು ದಿನವಿಡೀ ಟೈಪು ಮಾಡುವವಳಿಗೆ ಮನುಷ್ಯರು ಯಾವುದಕ್ಕಾಗಿ ಹಗೆ ಸಾಧಿಸುತ್ತಾರೆಂದು ಬೇರೆಲ್ಲೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಗಿರಾಕಿಗಳಿಲ್ಲದ ಮಧ್ಯಾಹ್ನಗಳಲ್ಲಿ ಇಯರ್‌ಫೋನ್ ಹಾಕಿಕೊಂಡು ಜಾಝ್ ಕೇಳುತ್ತೇನೆ. ಬರೆಯುವಾಗ ಮಾತ್ರ ಕೇಳುವುದಿಲ್ಲ, ಏಕೆಂದರೆ ಆಗ ವಾಕ್ಯದ ಲಯ ನನ್ನದಾಗಿರದೆ ಅವರದಾಗಿಬಿಡುತ್ತದೆ. ಈ ಹುಚ್ಚು ಹಿಡಿಸಿದವರು ನನ್ನ ಸೋದರಮಾವ. ವಾಯ್ಸ್ ಆಫ್ ಅಮೆರಿಕದಲ್ಲಿ ವಿಲ್ಲಿಸ್ ಕೊನೊವರ್ 1955ರಿಂದ ನಡೆಸುತ್ತ ಬಂದ ಜಾಝ್ ಕಾರ್ಯಕ್ರಮವನ್ನು ಅವರು ಕಾಟನ್ ಮಿಲ್ಲಿನ ಪಾಳಿ ಮುಗಿಸಿ ಬಂದು ಶಾರ್ಟ್‌ವೇವ್ ರೇಡಿಯೊದಲ್ಲಿ ಹುಡುಕಿ ಕೇಳುತ್ತಿದ್ದರು. ಕೊನೊವರ್ ಇಂಗ್ಲಿಷನ್ನು ಎಷ್ಟು ನಿಧಾನವಾಗಿ, ಬಿಡಿಸಿ ಬಿಡಿಸಿ ಮಾತನಾಡುತ್ತಿದ್ದರೆಂದರೆ ಹೈಸ್ಕೂಲಿನ ಹುಡುಗಿಯಾಗಿದ್ದ ನನಗೂ ಅರ್ಧ ತಿಳಿಯುತ್ತಿತ್ತು.

ಮೊದಲ ಎರಡು ಪುಸ್ತಕಗಳ ಲೆಕ್ಕವನ್ನು ಮುಚ್ಚಿಡುವುದಿಲ್ಲ. ಮೊದಲನೆಯದಕ್ಕೆ ಚೀಟಿ ಎತ್ತಿದ ದುಡ್ಡು ಹಾಕಿ ಸಾವಿರ ಪ್ರತಿ ಹಾಕಿಸಿದೆ. ನೆನಪಿನಿಂದ ಹೇಳುವುದಾದರೆ ಐವತ್ತೈದು ಸಾವಿರದಷ್ಟು ಖರ್ಚು ಬಂತು. ಮಾರಾಟವಾದದ್ದು ಮುನ್ನೂರರ ಆಸುಪಾಸು. ಪರಊರಿನ ವಿತರಕರೊಬ್ಬರು ನಾನೂರು ಪ್ರತಿಗಳನ್ನು ಉದ್ದರಿ ಒಯ್ದು, ಹಣವನ್ನೂ ಕೊಡದೆ ಪುಸ್ತಕವನ್ನೂ ಹಿಂತಿರುಗಿಸದೆ ಉಳಿದರು. ಎರಡನೆಯ ಕಾದಂಬರಿ ಒಂದು ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂತು. ಕಂತಿಗೆ ಐನೂರು ರೂಪಾಯಿ ಎಂದು ಮಾತಾಗಿದ್ದರೂ ಕೊನೆಯ ಕೆಲವು ಕಂತುಗಳ ಸಂಭಾವನೆ ಬರಲೇ ಇಲ್ಲ. ದುಡ್ಡಿಗಿಂತ ಹೆಚ್ಚು ಕಾಡಿದ್ದು ಓದುಗರ ಮಾತು. ಅರ್ಧ ಪುಸ್ತಕಕ್ಕೇ ಎಲ್ಲರಿಗೂ ಕೊಲೆಗಾರ ಗೊತ್ತಾಗಿರುತ್ತಿದ್ದ. ಸುಳಿವುಗಳನ್ನು ಕಡಿಮೆ ಮಾಡಿದರೆ ಅವನನ್ನು ಆಕಾಶದಿಂದ ಇಳಿಸಿದಂತೆ ಕಾಣುತ್ತಿತ್ತು.

ಜಾಝ್ ಕಡೆಗೆ ತಿರುಗಿದ್ದು ಆ ಹೊತ್ತಿನಲ್ಲಿ. ಹಳೆಯ ಜಾಝ್ ಹಾಡುಗಳಲ್ಲಿ ಬಹುಪಾಲು ಮೂವತ್ತೆರಡು ಆವರ್ತಗಳ, ಅಂದರೆ ತಾಳದ ಮೂವತ್ತೆರಡು ಸುತ್ತುಗಳ ರಚನೆಗಳು. ಎಂಟು ಆವರ್ತಗಳ ಒಂದು ರಾಗ, ಮತ್ತೆ ಅದೇ ರಾಗ, ಆಮೇಲೆ ಬ್ರಿಡ್ಜ್ ಎಂದು ಅವರು ಕರೆಯುವ ಬೇರೆಯೇ ಎಂಟು ಆವರ್ತ, ಕೊನೆಗೆ ಮೊದಲಿನ ರಾಗ. ಬ್ರಿಡ್ಜ್‌ನಲ್ಲಿ ಅನೇಕ ಸಲ ಶ್ರುತಿಯೇ ಬದಲಾಗುತ್ತದೆ. ಅಲ್ಲಿ ಸುತ್ತಾಡಿ ಬಂದ ಕಿವಿಗೆ ಕೊನೆಯ ಎಂಟು ಆವರ್ತಗಳಲ್ಲಿ ಅದೇ ಸ್ವರಗಳು ಬೇರೆ ತೂಕದಲ್ಲಿ ಕೇಳಿಸುತ್ತವೆ. ಪತ್ತೇದಾರಿ ಕಾದಂಬರಿಗೆ ಬೇಕಾದದ್ದು ಇದೇ ಎಂದು ನನಗೆ ಹೊಳೆಯಿತು: ಸುಳಿವನ್ನು ಬಚ್ಚಿಡಬಾರದು, ಎರಡು ಸಲ ಬಯಲಿನಲ್ಲಿಯೇ ಹೇಳಬೇಕು, ಆಮೇಲೆ ಓದುಗರನ್ನು ದೂರ ಕರೆದೊಯ್ದು, ಮರಳಿ ತಂದು ಮೂರನೆಯ ಸಲ ಅದನ್ನೇ ಹೇಳಬೇಕು. ಅಂಗಡಿಯ ಎ3 ಹಾಳೆಯಲ್ಲಿ ಸಾಲಿಗೆ ಎಂಟರಂತೆ ನಾಲ್ಕು ಸಾಲು ಮನೆಗಳನ್ನು ಎಳೆದು, ಮನೆಗೊಂದು ಅಧ್ಯಾಯವೆಂದು ಇಟ್ಟುಕೊಂಡೆ. ಎರಡನೆಯ ಸಾಲಿನ ಮನೆಯಲ್ಲಿ ಏನು ನಡೆಯುತ್ತದೆ ಎಂಬುದನ್ನು ಅದರ ನೇರ ಮೇಲಿನ ಮನೆ ನಿರ್ಧರಿಸುತ್ತದೆ. ಹಾಳೆಯನ್ನು ಗೋಡೆಗೆ ಅಂಟಿಸಿಕೊಂಡಾಗ ಇದು ಕಣ್ಣಿಗೇ ಕಾಣುತ್ತದೆ.

ಕೂಟಕ್ಕೆ ಹಾಳೆಯನ್ನು ಒಯ್ದು ತೋರಿಸಿದಾಗ ನಮ್ಮಲ್ಲಿ ಹಿರಿಯರಾದ ಮೇಷ್ಟ್ರು, ‘ನೋಡಮ್ಮ, ಪತ್ತೇದಾರಿಗೆ ಹೆಣ ಬೇಕು, ಸಾಕ್ಷಿ ಬೇಕು. ಈ ಪೀಪಿ ಊದೋರ ಲೆಕ್ಕ ತಗೊಂಡು ಏನ್ ಮಾಡ್ತೀಯ?’ ಎಂದರು. ಹರಿಹರದಿಂದ ಬರುವ ಗೆಳೆಯರೊಬ್ಬರು ಅಧ್ಯಾಯಗಳನ್ನು ಹೀಗೆ ಎಣಿಸಿ ಬರೆದರೆ ಕಥೆ ಸಾಯುತ್ತದೆ ಎಂದರು. ನಾನು ವಾದಿಸದೆ, ಬರೆದು ಓದುತ್ತೇನೆ ಎಂದಷ್ಟೇ ಹೇಳಿದೆ.

ಒಂದು ಸುಳಿವನ್ನು ಪೂರ್ತಿಯಾಗಿ ಬಿಡಿಸಿ ತೋರಿಸಬಲ್ಲೆ. ಕಾದಂಬರಿಯಲ್ಲಿ ಕೊಲೆಯಾಗುವುದು ಮಂಡಕ್ಕಿ ಭಟ್ಟಿಯ ಮಾಲೀಕನದು. ಅಕ್ಕಿಗೆ ಉಪ್ಪುನೀರು ಬೆರೆಸಿ ಹದ ಮಾಡಿದ ಮೇಲೆಯೇ ಅದನ್ನು ಕಾದ ಮರಳಿಗೆ ಹಾಕಿ ಹುರಿಯುತ್ತಾರೆ. ಉಪ್ಪು ಬೀಳದಿದ್ದರೆ ರುಚಿ ಕೆಡುವುದಲ್ಲದೆ ಮಂಡಕ್ಕಿ ಸರಿಯಾಗಿ ಅರಳುವುದೂ ಇಲ್ಲ. ಮೊದಲ ಸಾಲಿನ ಐದನೆಯ ಮನೆಯಲ್ಲಿ, ಸಂಜೆಯ ಮಿರ್ಚಿ ಅಂಗಡಿಯೆದುರು ಒಬ್ಬ ಹುಡುಗ ಮಂಡಕ್ಕಿಗೆ ಇನ್ನಷ್ಟು ಉಪ್ಪು ಹಾಕೆಂದು ಹಟ ಮಾಡಿ ತಾಯಿಯಿಂದ ಏಟು ತಿನ್ನುತ್ತಾನೆ. ಎರಡನೆಯ ಸಾಲಿನ ಐದನೆಯ ಮನೆಯಲ್ಲಿ ಅದೇ ಅಂಗಡಿಯವನು ಚೀಲದ ಬೆಲೆಯ ಬಗ್ಗೆ ಜಗಳ ತೆಗೆದು, ‘ಇಷ್ಟು ಸಣ್ಣ ಮಂಡಕ್ಕಿಗೆ ಈ ರೇಟಾ?’ ಎಂದು ಕೂಗಾಡುತ್ತಾನೆ. ಓದುಗರು ಮೊದಲ ಕಡೆ ಹುಡುಗನ ಅಳುವನ್ನು ನೋಡುತ್ತಾರೆ, ಎರಡನೆಯ ಕಡೆ ಬೆಲೆಯ ಜಗಳವನ್ನು ನೋಡುತ್ತಾರೆ, ಉಪ್ಪನ್ನು ಯಾರೂ ನೋಡುವುದಿಲ್ಲ. ಸುಳಿವು ಹೇಳುವವರಿಗೆ ಆ ಕ್ಷಣದಲ್ಲಿ ಬೇರೊಂದು ಸಂಕಟ ಇರಲೇಬೇಕು ಎಂಬುದು ನಾನು ಕಂಡುಕೊಂಡ ಮುಖ್ಯ ನಿಯಮ.

ಮೂರನೆಯ ಸಾಲಿನಲ್ಲಿ ಕಥೆ ಅರವತ್ತು ಕಿಲೋಮೀಟರ್ ದೂರದ ಚಿತ್ರದುರ್ಗಕ್ಕೆ ಹೋಗುತ್ತದೆ. ಅಲ್ಲಿ ಸತ್ತವನ ದಾಯಾದಿಗಳು, ಗುಡ್ಡದ ಮೇಲಿನ ಗಾಳಿಯಂತ್ರಕ್ಕೆ ಗುತ್ತಿಗೆ ಕೊಟ್ಟ ಜಮೀನು, ಅದರ ಹಣ ಹಂಚಿಕೆಯ ವ್ಯಾಜ್ಯ ಎಲ್ಲವೂ ಇವೆ. ಆ ಎಂಟು ಅಧ್ಯಾಯಗಳಲ್ಲಿ ಭಟ್ಟಿ, ಮಂಡಕ್ಕಿ, ಉಪ್ಪು ಎಂಬ ಪದಗಳೇ ಬರಬಾರದೆಂದು ನಿಶ್ಚಯಿಸಿ, ಕಂಪ್ಯೂಟರಿನಲ್ಲಿ ಹುಡುಕಿ ಹುಡುಕಿ ತೆಗೆದೆ. ಊಟದಲ್ಲಿ ಉಪ್ಪು ಹೆಚ್ಚಾಯಿತು ಎಂಬ ಒಂದು ಸಹಜವಾದ ಮಾತನ್ನೂ ಉಳಿಸಲಿಲ್ಲ. ಕೋಟೆಯೊಳಗೆ ಬೆನ್ನಟ್ಟುವ ಒಂದು ದೃಶ್ಯ ಬಹಳ ಚೆನ್ನಾಗಿ ಬಂದಿತ್ತು. ಅದು ಬ್ರಿಡ್ಜ್‌ನ ಉದ್ದವನ್ನು ಮೀರುತ್ತಿದ್ದುದರಿಂದ ಅದನ್ನೂ ಕತ್ತರಿಸಿದೆ. ನಾಲ್ಕನೆಯ ಸಾಲಿನಲ್ಲಿ ಮಿರ್ಚಿ ಅಂಗಡಿಗೆ ಮರಳಿದಾಗ, ಉಪ್ಪು ಹುರಿಯುವ ಮೊದಲೇ ಬೀಳುವಂಥದ್ದು ಎಂದು ಒಬ್ಬ ಮುದುಕಿ ಹೇಳುತ್ತಾಳೆ. ಹಾಗಾದರೆ ಸಪ್ಪೆಯಾಗಿ, ಸಣ್ಣದಾಗಿ ಬಂದ ಆ ಮಂಡಕ್ಕಿಗೆ ಉಪ್ಪುನೀರೇ ಬಿದ್ದಿರಲಿಲ್ಲ; ರಾತ್ರಿಯೆಲ್ಲ ಉಪ್ಪುನೀರಿನ ಬಳಿ ನಿಂತಿದ್ದೆ ಎಂದವನ ಹೇಳಿಕೆ ಅಲ್ಲಿಗೆ ಬಿದ್ದುಹೋಗುತ್ತದೆ. ಆದರೆ ಕೊಲೆಗಾರ ಅವನೇ ಎಂದು ತಿಳಿಯಬೇಡಿ.

ಪರೀಕ್ಷೆ ನಡೆದದ್ದು ಕೂಟದಲ್ಲಿಯೇ. ಭಾನುವಾರಗಳಂದು ನಾಲ್ಕೈದು ಅಧ್ಯಾಯಗಳಂತೆ ಓದುತ್ತಾ ಹೋಗಿ, ಪ್ರತಿ ಸಾಲಿನ ಕೊನೆಗೆ ಕೊಲೆಗಾರನ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ ಎಂದು ಕೇಳಿಕೊಂಡೆ. ನನ್ನ ಹಿಂದಿನ ಪುಸ್ತಕಕ್ಕೆ ಹೀಗೆಯೇ ಮಾಡಿದ್ದಾಗ ಅರ್ಧ ದಾರಿಯಲ್ಲಿಯೇ ಹೆಚ್ಚುಕಡಿಮೆ ಎಲ್ಲರ ಚೀಟಿಯಲ್ಲೂ ಒಂದೇ ಹೆಸರಿತ್ತು. ಈ ಸಲ ಎರಡನೆಯ ಸಾಲು ಮುಗಿದಾಗ ಹೆಸರುಗಳು ಹರಿದು ಹಂಚಿಹೋಗಿದ್ದವು. ಬ್ರಿಡ್ಜ್ ಮುಗಿದಾಗ ಬಹುತೇಕ ಚೀಟಿಗಳು ದುರ್ಗದ ದಾಯಾದಿಗಳ ಕಡೆಗೆ ಹೋಗಿದ್ದವು. ಕೊನೆಯ ಅಧ್ಯಾಯ ಕೇಳಿದ ಮೇಲೆ ಮೇಷ್ಟ್ರು ಹಸ್ತಪ್ರತಿಯನ್ನು ಕೈಗೆ ತೆಗೆದುಕೊಂಡು ಐದನೆಯ ಅಧ್ಯಾಯವನ್ನು ಮತ್ತೆ ಓದಿ, ‘ಇಲ್ಲೇ ಇಟ್ಟಿದೀಯಲ್ಲಮ್ಮ’ ಎಂದರು. ಆ ಮಾತು ನನಗೆ ಯಾವ ಬಹುಮಾನಕ್ಕೂ ಕಡಿಮೆಯಲ್ಲ.

ಇದರ ನಡುವೆ ಬೇರೆ ಪ್ರಯೋಗಗಳೂ ನಡೆದವು. ಹನ್ನೆರಡು ಆವರ್ತಗಳ ಬ್ಲೂಸ್ ಎಂಬ ಹಾಡಿನ ರೂಪದಲ್ಲಿ ಒಂದು ಕಾದಂಬರಿ ಆರಂಭಿಸಿ ನೂರು ಪುಟಗಳ ಹತ್ತಿರ ಕೈಬಿಟ್ಟೆ. ಬ್ಲೂಸ್ ಒಂದೇ ನೋವಿನ ಸುತ್ತ ತಿರುಗುವುದರಿಂದ ಅದರಲ್ಲಿ ಓದುಗರನ್ನು ದೂರ ಒಯ್ಯಲು ಜಾಗವಿಲ್ಲ. ಜಾಝ್‌ನಲ್ಲಿ ವಾದಕರೊಬ್ಬರೂ ಡ್ರಮ್ಮಿನವರೂ ನಾಲ್ಕು ನಾಲ್ಕು ಆವರ್ತ ಹಂಚಿಕೊಂಡು ನುಡಿಸುವ ಕ್ರಮವಿದೆ. ನಮ್ಮ ತನಿ ಆವರ್ತನದಲ್ಲಿ ಮೃದಂಗ ಮತ್ತು ಘಟ ಮಾಡುವಂಥದ್ದೇ. ಹರಿಹರದ ಗೆಳೆಯರೂ ನಾನೂ ನಾಲ್ಕು ನಾಲ್ಕು ಪುಟದಂತೆ ಒಂದು ಕಥೆಯನ್ನು ಬರೆದು ನೋಡಿದೆವು. ನಾನು ಬೆಳೆಸಿದ ಶಂಕಿತರನ್ನು ಅವರು ನಿರಪರಾಧಿಗಳಾಗಿಸುತ್ತಿದ್ದರು, ಅವರು ಬೆಳೆಸಿದವರನ್ನು ನಾನು. ಕಥೆ ಕೂಡಿಬರಲಿಲ್ಲವಾದರೂ ವಿಚಾರಣೆಯ ದೃಶ್ಯ ಬರೆಯುವ ಬಗೆ ಅದರಿಂದ ದೊರೆಯಿತು: ಪ್ರಶ್ನೆ ಎಷ್ಟು ಉದ್ದವೋ ಉತ್ತರವೂ ಅಷ್ಟೇ ಇರುತ್ತದೆ, ಸುಳ್ಳು ಹೇಳುವ ಕಡೆ ಮಾತ್ರ ಒಂದು ಸಾಲು ಹೆಚ್ಚು.

ಹಣದ ದೃಷ್ಟಿಯಿಂದ ಹೆಚ್ಚು ಉಪಯೋಗವಾದ ಪಾಠ ಇನ್ನೊಂದು. 1940ರ ದಶಕದಲ್ಲಿ ಬೀಬಾಪ್ ಎಂಬ ಹೊಸ ಬಗೆಯ ಜಾಝ್ ನುಡಿಸಿದ ಕಲಾವಿದರು ಜನಪ್ರಿಯ ಹಾಡುಗಳ ಕಾರ್ಡ್‌ಗಳ (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳ) ಓಟವನ್ನು ಹಾಗೆಯೇ ಇಟ್ಟುಕೊಂಡು ಮೇಲೆ ಹೊಸ ರಾಗ ಕಟ್ಟುತ್ತಿದ್ದರು. ಹಕ್ಕುಸ್ವಾಮ್ಯ ಇದ್ದದ್ದು ರಾಗಕ್ಕೇ ಹೊರತು ಕಾರ್ಡ್‌ಗಳ ಓಟಕ್ಕಲ್ಲವಾದ್ದರಿಂದ ಹಳೆಯ ಹಾಡಿನವರಿಗೆ ಗೌರವಧನ ಕೊಡಬೇಕಾಗುತ್ತಿರಲಿಲ್ಲ. ನಾನು ಮಾರಾಟವಾಗದ ನನ್ನದೇ ಮೊದಲ ಕಾದಂಬರಿಯ ಅಸ್ಥಿಪಂಜರವನ್ನು, ಅಂದರೆ ಯಾರು ಯಾರಿಗೆ ಎಷ್ಟು ಬಾಕಿ, ಯಾರು ಯಾರನ್ನು ಯಾವಾಗ ಕಂಡರು ಎಂಬುದನ್ನು ಉಳಿಸಿಕೊಂಡು, ಊರು, ಉದ್ಯೋಗ, ಕೊಲೆ ಎಲ್ಲವನ್ನೂ ಬದಲಿಸಿದೆ. ಮಂಡಕ್ಕಿ ಭಟ್ಟಿಯ ಕಾದಂಬರಿ ಹುಟ್ಟಿದ್ದು ಹಾಗೆ, ಅದರಿಂದ ಆರೇಳು ತಿಂಗಳ ಕೆಲಸ ಉಳಿಯಿತು.

ಮುದ್ರಣಕ್ಕೆ ಈ ಸಲ ಆರುನೂರು ಪ್ರತಿ ಮಾತ್ರ. ಇನ್ನೂರು ಪುಟ, ಪ್ರತಿಯೊಂದಕ್ಕೆ ಎಪ್ಪತ್ತೈದು ರೂಪಾಯಿಯಷ್ಟು ಬಿತ್ತು. ಡಿಟಿಪಿ ನನ್ನದೇ ಆದ್ದರಿಂದ ಪುಟಕ್ಕೆ ಇಪ್ಪತ್ತೈದು ಮೂವತ್ತು ರೂಪಾಯಿ ಕೈಯಲ್ಲೇ ಉಳಿಯಿತು. ಉದ್ದರಿ ಯಾರಿಗೂ ಕೊಡಲಿಲ್ಲ. ಅರ್ಧಕ್ಕಿಂತ ಹೆಚ್ಚನ್ನು ಅಂಗಡಿಯಿಂದಲೂ ಅಂಚೆಯಿಂದಲೂ ನೇರವಾಗಿ ಮಾರಿ, ಉಳಿದದ್ದನ್ನು ಶೇಕಡಾ ನಲವತ್ತರಷ್ಟು ಕಮಿಷನ್ನಿಗೆ ನಗದು ಕೊಡುವ ಪುಸ್ತಕದಂಗಡಿಗಳಿಗೆ ಹಾಕಿದೆ. ಖರ್ಚು ಕಳೆದು ನಲವತ್ತು ಸಾವಿರಕ್ಕೆ ಸ್ವಲ್ಪ ಮೇಲೆ ಬಂದಿರಬೇಕು.

ನಿಜವಾದ ಕೊಲೆಗಾರನ ಹೆಸರನ್ನು ಎರಡನೆಯ ಸಾಲಿನ ಯಾವ ಮನೆಯಲ್ಲಿ, ಯಾರ ಬಾಯಿಂದ ಹೇಳಿಸಬೇಕು ಎಂಬುದಕ್ಕೂ ಬ್ರಿಡ್ಜ್‌ನ ಕೊನೆಯ ಮನೆಯಲ್ಲಿ ಏನಿರಬೇಕು ಎಂಬುದಕ್ಕೂ ನನ್ನಲ್ಲಿ ಒಂದೊಂದು ಉಪಾಯವಿದೆ. ಮುಂದಿನ ಪುಸ್ತಕ ಅವುಗಳ ಮೇಲೆ ನಿಂತಿರುವುದರಿಂದ ಸದ್ಯಕ್ಕೆ ಹೇಳಲಾರೆ. ಕೈಬಿಟ್ಟಿದ್ದ ಬ್ಲೂಸ್ ರೂಪವನ್ನು ಈಗ ಸಣ್ಣಕಥೆಗೆ ಒಗ್ಗಿಸುತ್ತಿದ್ದೇನೆ. ಹನ್ನೆರಡು ದೃಶ್ಯ, ಒಬ್ಬ ಶಂಕಿತ, ಒಂದೇ ರಾತ್ರಿ. ಮೂರು ಕಥೆಗಳು ಸಿದ್ಧವಾಗಿವೆ, ಮುಂದಿನ ಭಾನುವಾರ ಮೊದಲನೆಯದನ್ನು ಕೂಟದಲ್ಲಿ ಓದುತ್ತೇನೆ.