ಮಡಿಲಲ್ಲಿ ಮಗು, ಕೈಯಲ್ಲಿ ಪುಸ್ತಕ: ಓದಿ ಹೇಳುವುದು ಹೇಗೆ?

ಪುನರ್ವಸು ಮಳೆ ಹಿಡಿಯಿತೆಂದರೆ ನಮ್ಮ ತೀರ್ಥಹಳ್ಳಿ ಕಡೆ ಸಂಜೆ ಆರೂವರೆಗೇ ಕತ್ತಲೆ. ಹೋದ ಕರೆಂಟ್ ಯಾವಾಗ ಬರುತ್ತದೆ ಅಂತ ಲೈನ್‌ಮನ್‌ಗೂ ಗೊತ್ತಿರುವುದಿಲ್ಲ. ಟಿ.ವಿ. ಇಲ್ಲ, ಟವರ್ ಇಲ್ಲ, ಮೊಬೈಲಿನಲ್ಲಿ ಚಾರ್ಜ್ ಇಲ್ಲ. ಮೂರು ವರ್ಷದ ಮಗು ಮಾತ್ರ ಫುಲ್ ಚಾರ್ಜ್!

ಅಂಥದ್ದೊಂದು ರಾತ್ರಿ ಮಗಳನ್ನು ಕೂರಿಸಿಕೊಂಡು ಮೊದಲ ಸಲ ಪುಸ್ತಕ ಓದಿದೆ. ಒಂದೇ ಉಸಿರಿಗೆ 12 ಪುಟ. ನಾಲ್ಕನೇ ಪುಟಕ್ಕೆ ಬರುವಷ್ಟರಲ್ಲಿ ಅವಳು ಬಚ್ಚಲೊಲೆ ಹತ್ತಿರ ಬೆಕ್ಕಿನ ಬಾಲ ಹಿಡಿದುಕೊಂಡಿದ್ದಳು. ಕೋಣನ ಮುಂದೆ ಕಿನ್ನರಿ ಬಾರಿಸಿದ ಹಾಗಾಯಿತು ಅಂತ ಬೇಜಾರಾಯಿತು. ತಪ್ಪು ನನ್ನದೇ ಅಂತ ತಿಳಿಯಲು ಸ್ವಲ್ಪ ದಿನ ಹಿಡಿಯಿತು. ನಾನು ಓದಿದ್ದೆ, ಅವಳಿಗೆ ಮಾತಾಡಲು ಜಾಗವನ್ನೇ ಬಿಟ್ಟಿರಲಿಲ್ಲ.

ಎರಡು ಕನ್ನಡ

'ಬಾಯಲ್ಲಿ ಕತೆ ಹೇಳಿದರೆ ಸಾಲದಾ, ಪುಸ್ತಕ ಯಾಕೆ?' ಅಂತ ನಮ್ಮತ್ತೆ ಕೇಳಿದ್ದರು. ಕತೆ ಹೇಳುವುದು ಖಂಡಿತ ಬೇಕು. ಆದರೆ ನಾವು ಆಡುವ ಕನ್ನಡ ಬೇರೆ, ಪುಸ್ತಕದ ಕನ್ನಡ ಬೇರೆ. ಮನೆಯಲ್ಲಿ 'ಎಂತ ಮಾಡ್ತಿದೀಯ' ಅನ್ನುತ್ತೇವೆ. ಪುಸ್ತಕದಲ್ಲಿ 'ಏನು ಮಾಡುತ್ತಿದ್ದೀಯೆ' ಅಂತ ಇರುತ್ತದೆ. ಸಾಗರದ ಹವ್ಯಕರ ಮನೆಯ ಮಗುವಿಗೆ 'ಅಂವ ಬತ್ತ' ಗೊತ್ತು, 'ಅವನು ಬರುತ್ತಾನೆ' ಹೊಸದು. ಶಿಕಾರಿಪುರದ ತಾಂಡಾದಲ್ಲಿ ಲಂಬಾಣಿ, ಭದ್ರಾವತಿಯ ಎಷ್ಟೋ ಮನೆಗಳಲ್ಲಿ ತಮಿಳು, ಶಿವಮೊಗ್ಗ ಪೇಟೆಯಲ್ಲಿ ಉರ್ದು. ಈ ಮಕ್ಕಳೆಲ್ಲ ಒಂದನೇ ಕ್ಲಾಸಿಗೆ ಹೋದಾಗ ಹೊಸ ಅಕ್ಷರ, ಹೊಸ ಭಾಷೆ ಎರಡನ್ನೂ ಒಟ್ಟಿಗೆ ಹೊರಬೇಕು. ಓದಿ ಹೇಳಿಸಿಕೊಂಡ ಮಗುವಿಗೆ ಆ ಭಾಷೆ ಆಗಲೇ ಕಿವಿಯಲ್ಲಿ ಕೂತಿರುತ್ತದೆ. ಕಲಿಯಬೇಕಾದದ್ದು ಅಕ್ಷರ ಮಾತ್ರ.

ಆ ಅಕ್ಷರದ್ದೇ ದೊಡ್ಡ ಕೆಲಸ. ವರ್ಣಮಾಲೆಯಲ್ಲಿ ಇರುವುದು 49. ಆದರೆ ಕಾಗುಣಿತ, ಒತ್ತಕ್ಷರ ಸೇರಿದರೆ ಕಣ್ಣು ಗುರುತಿಸಬೇಕಾದ ರೂಪಗಳು ನೂರಾರು. ಕನ್ನಡ ಕಲಿಯುವ ಮಕ್ಕಳನ್ನು ಗಮನಿಸಿ ಸೋನಾಲಿ ನಾಗ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಕಲಿಕೆ ಮೂರು-ನಾಲ್ಕನೇ ಕ್ಲಾಸಿನವರೆಗೂ ಎಳೆಯುತ್ತದೆ ಎಂದು ಕಂಡಿತು. ಹೀಗಿರುವಾಗ ಮೂರೂವರೆ ವರ್ಷಕ್ಕೇ ಪುಟ ತುಂಬ 'ಅ' ತಿದ್ದಿಸುವ ಅವಸರ ಯಾಕೋ! ಮಗಳನ್ನು ಮೊದಲು ಸೇರಿಸಿದ್ದ ಶಾಲೆಯಲ್ಲಿ ಅದೇ ನಡೆದಿತ್ತು. ಸ್ಲೇಟು ಕಂಡರೆ ಮಂಚದಡಿ ಸೇರುತ್ತಿದ್ದಳು.

ಪುಸ್ತಕ ಎಲ್ಲಿಂದ?

ಕೊಳ್ಳಲೇಬೇಕು ಅಂತೇನಿಲ್ಲ. ನಿಮ್ಮ ಗ್ರಾಮ ಪಂಚಾಯಿತಿಯ ಗ್ರಂಥಾಲಯ, ಅಂದರೆ ಅರಿವು ಕೇಂದ್ರದಲ್ಲಿ ವಿಚಾರಿಸಿ. 2020ರಲ್ಲಿ ಶುರುವಾದ 'ಓದುವ ಬೆಳಕು' ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಸದಸ್ಯತ್ವ ಉಚಿತ. ಅಕ್ಕನ ಹೆಸರಲ್ಲಿ ತಂದರೆ ತಂಗಿಗೂ ಆಯಿತು. ಪ್ರಥಮ್ ಬುಕ್ಸ್ ಸಂಸ್ಥೆ 2015ರಲ್ಲಿ ಶುರು ಮಾಡಿದ 'ಸ್ಟೋರಿವೀವರ್' ಜಾಲತಾಣದಲ್ಲಿ ಕನ್ನಡದ ಚಿತ್ರಪುಸ್ತಕಗಳು ಬೇಕಾದಷ್ಟಿವೆ, ದುಡ್ಡಿಲ್ಲ. ಒಂದರಿಂದ ನಾಲ್ಕು ಅಂತ ಹಂತ ಮಾಡಿದ್ದಾರೆ. ಒಂದನೇ ಹಂತದವು ಸಾಕು. ನೆಟ್ ಸಿಕ್ಕಾಗ ಇಳಿಸಿಕೊಂಡು ಪೇಟೆಗೆ ಹೋದಾಗ ಪ್ರಿಂಟ್ ಹಾಕಿಸಿ. ಮೊಬೈಲಿನಲ್ಲೇ ತೋರಿಸಿದರೆ ಮಗುವಿನ ಬೆರಳು ಯೂಟ್ಯೂಬಿಗೆ ಜಾರುವುದು ಗ್ಯಾರಂಟಿ.

ಪುಟಕ್ಕೆ ಒಂದೆರಡು ಸಾಲು, ದೊಡ್ಡ ಚಿತ್ರ. ಇಷ್ಟು ನೋಡಿ ಆರಿಸಿ.

ಈಗ ಓದೋಣ

ಮಡಿಲಲ್ಲಿ ಇಲ್ಲವೇ ಪಕ್ಕದಲ್ಲಿ ಕೂರಿಸಿಕೊಳ್ಳಿ. ಪುಸ್ತಕ ಇಬ್ಬರಿಗೂ ಕಾಣಬೇಕು. ಪುಟ ತಿರುಗಿಸುವ ಕೆಲಸ ಮಗುವಿಗೇ ಬಿಡಿ. ಎರಡು ಪುಟ ಒಟ್ಟಿಗೆ ಹೋದರೂ ಹೋಗಲಿ. ದಿನಕ್ಕೆ 10 ನಿಮಿಷ ಜಾಸ್ತಿ ಆಯಿತು ಅನ್ನಿಸಿದರೆ 5 ನಿಮಿಷ. ಆದರೆ ಹೊತ್ತು ಒಂದೇ ಇರಲಿ. ನಮ್ಮಲ್ಲಿ ಅದು ಊಟ ಆಗಿ ಕಂಬಳಿ ಹೊದೆಯುವ ಹೊತ್ತು.

ಮೊದಲು ಹೆಸರು ಓದಿ. ಆಮೇಲೆ ಸಾಲು ಹೇಗೆ ಅಚ್ಚಾಗಿದೆಯೋ ಹಾಗೇ, ನಿಧಾನಕ್ಕೆ. 'ಬರುತ್ತಾನೆ' ಅಂತಿದ್ದರೆ 'ಬರುತ್ತಾನೆ' ಎಂದೇ ಓದಿ. ಅರ್ಥ ಆಗಲಿಲ್ಲ ಅನ್ನಿಸಿದರೆ ಮನೆಮಾತಿನಲ್ಲಿ ಬಿಡಿಸಿ ಹೇಳಿ, ಮತ್ತೆ ಪುಸ್ತಕದ ಸಾಲಿಗೆ ಬನ್ನಿ. ನಾನು ಶುರುವಿನಲ್ಲಿ ಎಲ್ಲವನ್ನೂ ನಮ್ಮ ಮಾತಿಗೆ ತಿರುಗಿಸಿ ಓದುತ್ತಿದ್ದೆ. ಸುಲಭವೇನೋ ಹೌದು, ಆದರೆ ಪುಸ್ತಕದ ಕನ್ನಡ ಅವಳ ಕಿವಿಗೆ ಬೀಳುತ್ತಲೇ ಇರಲಿಲ್ಲ.

ಒಂದು ಸಾಲು ಓದಿ ನಿಲ್ಲಿಸಿ. ಇದೇ ಮುಖ್ಯ. ಮೊನ್ನೆ ನಮ್ಮ ಮನೆಯಲ್ಲಿ ನಡೆದದ್ದು ಹೀಗೆ. ಚಿತ್ರದಲ್ಲಿ ಮಳೆಯಲ್ಲಿ ನಿಂತ ನಾಯಿ.

'ಇದು ಎಂತ?'

'ನಾಯಿ.'

'ಹೌದು, ನಾಯಿ. ಒದ್ದೆ ನಾಯಿ. ಮುದುಡಿಕೊಂಡಿದೆ.'

'ಒದ್ದೆ ನಾಯಿ ಮುಲುಡಿದೆ.'

'ಯಾಕೆ ಮುದುಡಿದೆ?'

ಸ್ವಲ್ಪ ಹೊತ್ತು ಸುಮ್ಮನಿದ್ದಳು. 'ಅದ್ಕೆ ಒಲೆ ಇಲ್ಲ.'

ಕೇಳುವುದು, ಮಗು ಹೇಳಿದ್ದನ್ನು ಒಪ್ಪುವುದು, ಅದಕ್ಕೆ ಒಂದೆರಡು ಪದ ಸೇರಿಸುವುದು, ಮಗು ಅದನ್ನು ತಿರುಗಿ ಹೇಳುವಂತೆ ಮಾಡುವುದು. ಅಷ್ಟೇ ಪಾಠ. 'ಮುಲುಡಿದೆ' ಅಂದದ್ದನ್ನು ನಾನು ತಿದ್ದಲಿಲ್ಲ. ನನ್ನ ಮುಂದಿನ ಪ್ರಶ್ನೆಯಲ್ಲೇ ಸರಿಯಾದ ಪದ ಇತ್ತಲ್ವಾ. ಅಮೆರಿಕದ ಮನಶ್ಶಾಸ್ತ್ರಜ್ಞ ಗ್ರೋವರ್ ವೈಟ್‌ಹರ್ಸ್ಟ್ ಮತ್ತು ಸಂಗಡಿಗರು 1988ರಲ್ಲಿ ಪ್ರಕಟಿಸಿದ ಅಧ್ಯಯನ ಇದೇ ಕ್ರಮದ್ದು. ಎರಡು-ಮೂರು ವರ್ಷದ ಮಕ್ಕಳಿಗೆ ಹೀಗೆ ಒಂದು ತಿಂಗಳು ಓದಿದ್ದಕ್ಕೇ, ಸುಮ್ನೆ ಓದಿ ಹೇಳಿಸಿಕೊಂಡ ಮಕ್ಕಳಿಗಿಂತ ಅವರ ಮಾತು ಮುಂದಿತ್ತು.

ಪ್ರಶ್ನೆ ಕೇಳಿದ ಮೇಲೆ ಐದು ಸೆಕೆಂಡ್ ಬಾಯಿ ಮುಚ್ಚಿಕೊಂಡಿರುವುದು ಮಾತ್ರ ಕಷ್ಟ. ನಮಗೆ ಅವಸರ. ಉತ್ತರ ನಾವೇ ಕೊಟ್ಟುಬಿಡುತ್ತೇವೆ. ಹಾಗಂತ ಸಾಲುಸಾಲಿಗೂ ಪ್ರಶ್ನೆ ಕೇಳಿ ಪರೀಕ್ಷೆ ಮಾಡಬೇಡಿ. ಪುಟಕ್ಕೊಂದು ಸಾಕು. ಕತೆ ಓಡುತ್ತಿದ್ದರೆ ಅದೂ ಬೇಡ. ಆನೆ ಚಿತ್ರ ಬಂದರೆ 'ಸಕ್ರೆಬೈಲಲ್ಲಿ ನೋಡಿದ್ವಲ್ಲ, ಅದು ಎಂತ ಮಾಡ್ತಿತ್ತು?' ಅಂತ ಕೇಳಿ ನೋಡಿ. ಹೊಳೆಯಲ್ಲಿ ಸ್ನಾನ, ಸೊಂಡಿಲು, ಲದ್ದಿ ಎಲ್ಲ ಹೊರಗೆ ಬರುತ್ತದೆ.

ಅದೇ ಪುಸ್ತಕ, ಮತ್ತೆ ಅದೇ

ಒಂದೇ ಪುಸ್ತಕ 20 ದಿನ. ನಮಗೆ ತಲೆ ಚಿಟ್ಟು ಹಿಡಿಯುತ್ತದೆ. ಆದರೂ ಓದಿ. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದ ಜೆಸ್ಸಿಕಾ ಹಾರ್ಸ್ಟ್ ಮತ್ತು ಜೊತೆಗಾರರು 2011ರಲ್ಲಿ ಮೂರು ವರ್ಷದ ಮಕ್ಕಳ ಮೇಲೆ ಇದನ್ನೇ ಪರೀಕ್ಷಿಸಿದರು. ಹೊಸ ಪದಗಳು ಅಷ್ಟೇ ಸಲ ಕಿವಿಗೆ ಬಿದ್ದರೂ, ಬೇರೆ ಬೇರೆ ಕತೆ ಕೇಳಿದವರಿಗಿಂತ ಒಂದೇ ಕತೆಯನ್ನು ಮತ್ತೆ ಮತ್ತೆ ಕೇಳಿದ ಮಕ್ಕಳು ಅವನ್ನು ಚೆನ್ನಾಗಿ ಕಲಿತಿದ್ದರು. ಹತ್ತನೇ ಸಲ ಓದುವಾಗ ಸಾಲಿನ ಕೊನೆಯ ಪದ ಬಿಟ್ಟು ಕಾಯಿರಿ. ಮಗು ತುಂಬಿಸುತ್ತದೆ.

ಈ ಹಂತಕ್ಕೆ ಬಂದ ಮೇಲೆ ಬೆರಳು ತನ್ನಿ. ಚಿಕ್ಕ ಮಕ್ಕಳ ಕಣ್ಣು ಚಿತ್ರದ ಮೇಲಿರುತ್ತದೆ, ಅಕ್ಷರದ ಕಡೆ ಹೋಗುವುದೇ ಕಡಿಮೆ. ಓದುತ್ತಾ ಪದದ ಕೆಳಗೆ ಬೆರಳು ಸರಿಸಿದರೆ ಮಾತು ಆ ಕಪ್ಪು ಗೆರೆಗಳಿಂದ ಬರುತ್ತಿದೆ, ಎಡದಿಂದ ಬಲಕ್ಕೆ ಹೋಗುತ್ತಿದೆ ಅಂತ ಮಗುವಿಗೆ ಹೊಳೆಯುತ್ತದೆ. ದಿನಾ ಬೇಡ, ಎಲ್ಲ ಪುಟಕ್ಕೂ ಬೇಡ. ಮಗುವಿನ ಹೆಸರಿನ ಮೊದಲ ಅಕ್ಷರ ಕಂಡಲ್ಲಿ 'ಓ, ನಿನ್ನಕ್ಷರ!' ಅಂದರೂ ಆಯಿತು.

ಪುಸ್ತಕ ಮುಚ್ಚಿದ ಮೇಲೆ ಒಂದು ಚಪ್ಪಾಳೆ ಆಟ. ಹ-ಲ-ಸು, ಮೂರು. ಅ-ಡಿ-ಕೆ, ಮೂರು. ಮ-ಳೆ, ಎರಡು. ಕನ್ನಡದ ಅನುಕೂಲ ನೋಡಿ, ಬಹಳಷ್ಟು ಪದಗಳಲ್ಲಿ ಚಪ್ಪಾಳೆ ಎಷ್ಟೋ ಅಕ್ಷರವೂ ಅಷ್ಟೇ. 'ಅಜ್ಜಿ' ಮಾತ್ರ ಮಜಾ. ಚಪ್ಪಾಳೆ 'ಅಜ್-ಜಿ' ಅನ್ನುತ್ತದೆ, ಬರಹ 'ಅ-ಜ್ಜಿ' ಅನ್ನುತ್ತದೆ. ಒತ್ತಕ್ಷರ ಮುಂದೆ ಯಾಕೆ ಕಾಡುತ್ತದೆ ಅಂತ ನನಗೆ ಗೊತ್ತಾಗಿದ್ದು ಈ ಆಟದಲ್ಲೇ. ಅದನ್ನು ಮಗುವಿಗೆ ವಿವರಿಸಲು ಹೋಗಬೇಡಿ.

ಓದಲು ಬಾರದ ಅಜ್ಜಿ

ಅಜ್ಜಿಗೆ ಅಕ್ಷರ ಬಾರದಿದ್ದರೆ? ಪುಸ್ತಕ ಮಗುವಿನ ಕೈಗೆ ಕೊಟ್ಟು, 'ನನಗೆ ಓದಿ ಹೇಳು' ಅನ್ನಲಿ. ನಮ್ಮತ್ತೆ ಅಡಿಕೆ ಸುಲಿಯುತ್ತಾ ಹೀಗೇ ಕೇಳಿಸಿಕೊಳ್ಳುತ್ತಾರೆ. ಪುಸ್ತಕ ತಲೆಕೆಳಗಾಗಿರುತ್ತದೆ, ಕತೆಯಲ್ಲಿ ಇಲ್ಲದ ಬೆಕ್ಕು ಬಂದಿರುತ್ತದೆ. ಆದರೆ ಮಾತು ಮಾತ್ರ ಪುಸ್ತಕದ್ದು: 'ಆಮೇಲೆ ಅವನು ಬಂದನು.' ನಮ್ಮನೆಯಲ್ಲಿ ಯಾರೂ 'ಬಂದನು' ಅನ್ನುವುದಿಲ್ಲ.

ಇನ್ನೊಂದು ಮಾತು. ಮಳೆಗಾಲದಲ್ಲಿ ನಮ್ಮ ಕಡೆ ಪುಸ್ತಕಕ್ಕೆ ಬೂಷ್ಟು ಹಿಡಿಯುತ್ತದೆ. ಗೋಡೆಗೆ ತಾಗಿಸಿ ಇಡಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿಟ್ಟು, ಬಿಸಿಲು ಬಿದ್ದ ದಿನ ಜಗುಲಿಯಲ್ಲಿ ಪುಟ ಬಿಡಿಸಿ ನಿಲ್ಲಿಸಿ, ಒಣ ಬಟ್ಟೆಯಲ್ಲಿ ಒರೆಸಿ. ಕಲೆ ಪೂರ್ತಿ ಹೋಗುವುದಿಲ್ಲ. ಆ ಒದ್ದೆ ನಾಯಿಯ ಪುಟದಲ್ಲೂ ಒಂದು ಬೂದು ಕಲೆ ಉಳಿದಿದೆ. ಅದು ನಾಯಿ ಕಾಯಿಸಿಕೊಳ್ಳುವ ಒಲೆಯ ಹೊಗೆಯಂತೆ.