ಯುಪಿಎಸ್ ಬ್ಯಾಟರಿ, ಸಿಲಿಂಡರ್, ಇ-ಸ್ಕೂಟರ್: ಯಾವ ಗ್ಯಾಸ್ ಮೇಲಕ್ಕೆ ಹೋಗತ್ತೆ, ಯಾವ್ದು ನೆಲ ಹಿಡಿಯತ್ತೆ ಅಂತ ಮೊದ್ಲು ತಿಳ್ಕೊಳಿ

ನಮ್ ಮೈಸೂರಲ್ಲಿ ಆಯುಧಪೂಜೆ ದಿನ ಕಾರು, ಬೈಕು, ಮಿಕ್ಸಿ, ಹೊಲಿಗೆ ಮಿಷನ್ನು ಎಲ್ಲದಕ್ಕೂ ಅರಿಶಿನ ಕುಂಕುಮ ಬೀಳತ್ತೆ, ಯುಪಿಎಸ್ ಬ್ಯಾಟರಿಗೂ ಬೀಳತ್ತೆ. ಕುಂಕುಮ ಇಡಿ, ಸೇವಂತಿಗೆ ಹೂವು ಇಡಿ, ಯಾರೂ ಬೇಡ ಅನ್ನಲ್ಲ. ಆದ್ರೆ ಮೆಟ್ಟಿಲ ಕೆಳಗಿನ ಆ ಗೂಡಿನೊಳಗೆ ತಲೆ ತೂರಿಸಿ ಚಾರ್ಜ್ ಆಗ್ತಿರೋ ಬ್ಯಾಟರಿ ಮುಚ್ಚಳದ ಹತ್ರ ಕರ್ಪೂರದ ಆರತಿ ಎತ್ತಬೇಡಿ, ಊದುಬತ್ತಿನ ಮುಚ್ಚಳದ ಸಂದೀಲಿ ಸಿಗಿಸಬೇಡಿ. ಆರತಿ ದೂರದಿಂದ ಎತ್ತಿದ್ರೂ ದೇವ್ರಿಗೆ ಕಾಣತ್ತೆ.

ಯಾಕೆ ಅಂತ ಕೇಳ್ತೀರ. ಯುಪಿಎಸ್ ಸರ್ವಿಸ್‌ಗೆ ಅಂತ ಹೋದ್ ಮನೇಲೆಲ್ಲ ಇದನ್ನೇ ಹೇಳ್ತೀನಿ, ಈಗ ಕೂತು ಬರೀತಿದೀನಿ. ಬೆಂಕಿ ಅಂದ್ರೆ ಎಲ್ರೂ ಕಿಡಿ ಬಗ್ಗೆ ಯೋಚ್ನೆ ಮಾಡ್ತಾರೆ, ಗ್ಯಾಸ್ ಎಲ್ಲಿ ಹೋಗಿ ನಿಂತ್ಕೊಳತ್ತೆ ಅಂತ ಯಾರೂ ಯೋಚ್ನೆ ಮಾಡಲ್ಲ. ಕಿಡಿನ ತಡೆಯಕ್ಕೆ ಪೂರ್ತಿ ಆಗಲ್ಲ ಸ್ವಾಮಿ, ಸ್ವಿಚ್ಚು, ಫ್ರಿಜ್ಜು, ಕಾಲಿಂಗ್ ಬೆಲ್ಲು ಎಲ್ಲದ್ರಲ್ಲೂ ಕಿಡಿ ಇದೆ. ಗ್ಯಾಸ್ ನಿಲ್ಲೋ ಜಾಗ ಮಾತ್ರ ನಮ್ ಕೈಯಲ್ಲಿದೆ. ಬ್ಯಾಟರಿಯಿಂದ ಬರೋ ಹೈಡ್ರೋಜನ್ ಗಾಳಿಗಿಂತ ಸುಮಾರು 14 ಪಟ್ಟು ಹಗುರ, ಸೀದಾ ಮೇಲಕ್ಕೆ ಹೋಗಿ ತಾರಸಿ ಕೆಳಗೆ ಸೇರ್ಕೊಳತ್ತೆ. ಸಿಲಿಂಡರ್ ಗ್ಯಾಸು ಉಲ್ಟಾ, ಗಾಳಿಗಿಂತ ಒಂದೂವರೆಯಿಂದ ಎರಡು ಪಟ್ಟು ಭಾರ, ನೆಲದ್ ಮೇಲೆ ಹರಿಯತ್ತೆ. ಇಷ್ಟು ತಲೇಲಿದ್ರೆ ಮಿಕ್ಕಿದ್ದೆಲ್ಲ ನಿಮಗೇ ಹೊಳೆಯತ್ತೆ.

ಯುಪಿಎಸ್ ಬ್ಯಾಟರಿ

ಟ್ಯೂಬ್ಯುಲರ್ ಬ್ಯಾಟರಿ, ಅಂದ್ರೆ ಮನೆ ಯುಪಿಎಸ್ಸಿಗೆ ಹಾಕೋ ನೀರು ತುಂಬೋ ಆಸಿಡ್ ಬ್ಯಾಟರಿ, ಫುಲ್ ಆದ್ಮೇಲೂ ಚಾರ್ಜ್ ಹೋಗ್ತಾ ಇದ್ರೆ ಆ ಕರೆಂಟು ಒಳಗಿರೋ ನೀರನ್ನ ಒಡೆಯತ್ತೆ, ಹೈಡ್ರೋಜನ್ನು ಆಕ್ಸಿಜನ್ನು ಎರಡೂ ಗುಳ್ಳೆಗುಳ್ಳೆಯಾಗಿ ಮೇಲೆ ಬರತ್ತೆ. ಕಿವಿ ಹತ್ರ ಇಟ್ಟು ಕೇಳಿದ್ರೆ ಸೋಡಾ ಬಾಟ್ಲಿ ಥರ ಸುಯ್ ಅಂತಿರತ್ತೆ. ಬಣ್ಣ ಇಲ್ಲ, ವಾಸ್ನೆ ಇಲ್ಲ, ಗಾಳೀಲಿ 4 ಪರ್ಸೆಂಟಿಂದ 75 ಪರ್ಸೆಂಟ್ ತನಕ ಎಷ್ಟಿದ್ರೂ ಹೊತ್ಕೊಳತ್ತೆ.

ಲೆಕ್ಕ ಹಾಕೋಣ ಬನ್ನಿ. ಫುಲ್ ಆದ್ಮೇಲೆ ಹೋಗೋ ಒಂದು ಆಂಪಿಯರ್ ಅವರ್‌ಗೆ (ಅಂದ್ರೆ ಒಂದು ಆಂಪ್ ಕರೆಂಟು ಒಂದು ಗಂಟೆ ಹರಿದ್ರೆ) ಒಂದೊಂದು ಸೆಲ್ಲಿಂದ ಸುಮಾರು 0.42 ಲೀಟರ್ ಹೈಡ್ರೋಜನ್ ಬರತ್ತೆ. 12 ವೋಲ್ಟ್ ಬ್ಯಾಟರೀಲಿ 6 ಸೆಲ್, ಅಂದ್ರೆ ಎರಡೂವರೆ ಲೀಟರ್. ಸರಿಯಾಗಿರೋ ಯುಪಿಎಸ್ಸು ಫುಲ್ ಆದ್ಮೇಲೆ ಕರೆಂಟ್ ತುಂಬ ಕಮ್ಮಿ ಮಾಡತ್ತೆ, ಭಯ ಇಲ್ಲ. ಆದ್ರೆ ಚಾರ್ಜರ್ ಕೆಟ್ಟಿದ್ರೆ, ಇಲ್ಲಾ ಹಳೇ ಬ್ಯಾಟರೀಲಿ ಒಂದು ಸೆಲ್ ಶಾರ್ಟ್ ಆಗಿ ಯುಪಿಎಸ್ಸು ಇನ್ನೂ ಫುಲ್ ಆಗಿಲ್ಲ ಅನ್ಕೊಂಡು 10 ಆಂಪ್ ತಳ್ತಾನೇ ಇದ್ರೆ ಗಂಟೆಗೆ 20-25 ಲೀಟರ್. ಎರಡಡಿ ಅಗಲ, ಎರಡಡಿ ಆಳ, ಐದಡಿ ಎತ್ತರದ ಬಾಗಿಲು ಹಾಕಿರೋ ಕಪಾಟು ಅಂದ್ರೆ ಸುಮಾರು 570 ಲೀಟರ್ ಜಾಗ, ಅದರ 4 ಪರ್ಸೆಂಟು 23 ಲೀಟರ್. ಅಂದ್ರೆ ಒಂದು ಸೀರಿಯಲ್ ಎರಡು ಸೀರಿಯಲ್ ನೋಡಿ ಏಳೋ ಅಷ್ಟ್ರಲ್ಲಿ ನಿಮ್ ಕಪಾಟು ರೆಡಿ. ಅದಕ್ಕೇ ಇಂಟೀರಿಯರ್‌ನೋರು ಚೆಂದ ಕಾಣ್ಲಿ ಅಂತ ಯುಪಿಎಸ್ಸಿಗೆ ಬಿಗಿಯಾದ ಶಟರ್ ಮಾಡ್ಕೊಡ್ತೀವಿ ಅಂದಾಗ ಒಪ್ಕೋಬೇಡಿ. ಮಾಡ್ಸಲೇಬೇಕು ಅಂದ್ರೆ ಮೇಲ್ಗಡೆ ಅಂಚಲ್ಲಿ ಒಂದು ಜಾಲರಿ, ಕೆಳಗಡೆ ಒಂದು ಜಾಲರಿ ಕೇಳಿ. ಕೆಳಗೊಂದೇ ಕೊಟ್ರೆ ಪ್ರಯೋಜನ ಇಲ್ಲ, ಗ್ಯಾಸ್ ಇರೋದು ಮೇಲೆ.

ಜಾಗ ಹುಡುಕೋವಾಗ ದೇವ್ರಮನೆ ಪಕ್ಕದ ಗೋಡೆ ಬೇಡ, ಅಡುಗೆಮನೆ ಬೇಡ, ಮಲಗೋ ರೂಮ್ ಬೇಡ. ಯುಪಿಎಸ್ ಪೆಟ್ಟಿಗೇನ ಬ್ಯಾಟರಿ ನೆತ್ತಿ ಮೇಲೇ ಸ್ಟ್ಯಾಂಡ್ ಹಾಕಿ ಕೂರಿಸೋದು ಎಲ್ಲಾ ಕಡೆ ಅಭ್ಯಾಸ, ಟ್ರಾಲಿನೇ ಹಂಗಿರತ್ತೆ, ಸರಿ, ಆದ್ರೆ ಸುತ್ತ ಗಾಳಿ ಆಡೋ ಥರ ಇರ್ಲಿ, ಬಟ್ಟೆ ಹೊದಿಸಿ ಹಳೇ ಪೇಪರ್ ಜೋಡಿಸೋ ಕಟ್ಟೆ ಮಾಡ್ಕೋಬೇಡಿ.

ನೀರ್ ಹಾಕೋ ದಿನ ಹಿಂಗ್ ಮಾಡಿ. ಮೊದ್ಲು ಗೋಡೆ ಸ್ವಿಚ್ಚೂ ಯುಪಿಎಸ್ ಸ್ವಿಚ್ಚೂ ಎರಡೂ ಆಫ್ ಮಾಡಿ, ಕಿಟಕಿ ತೆಗೆದು ಕಾಲು ಗಂಟೆ ಬಿಡಿ, ಆಮೇಲೆ ಮುಚ್ಚಳ. ಕತ್ತಲೆ ಇದ್ರೆ ಮೊಬೈಲ್ ಟಾರ್ಚು. ಹಿಂದೆ ಕೆಲವ್ರು ನೀರಿನ ಮಟ್ಟ ನೋಡಕ್ಕೆ ಬೆಂಕಿಕಡ್ಡಿ ಗೀರಿ ಬಗ್ಗಿ ನೋಡ್ತಿದ್ರು, ಮುಖ ಕೊಟ್ಟು ಪಟಾಕಿ ಹಚ್ಚಿದಂಗೆ ಅದು. ಡಿಸ್ಟಿಲ್ಡ್ ವಾಟರ್ ಮಾತ್ರ, ಕಾವೇರಿ ನೀರು ಎಷ್ಟೇ ಸಿಹಿ ಇದ್ರೂ ಬೇಡ, ಆರ್‌ಓ ನೀರೂ ಬೇಡ. ಚಾರ್ಜ್ ಆದ್ಮೇಲೆ ಹಾಕಿ, ಇಂಡಿಕೇಟರ್ ಕಡ್ಡಿ ಹಸಿರು ಗೆರೆ ಮುಟ್ಟಿದ್ರೆ ನಿಲ್ಸಿ, ತುಂಬಿ ತುಳುಕಿದ್ರೆ ಆಸಿಡ್ ಹೊರಗೆ ಬಂದು ಟರ್ಮಿನಲ್ ತಿನ್ನತ್ತೆ. ಟರ್ಮಿನಲ್ ಮೇಲೆ ಬಿಳಿ ಹಸಿರು ಪುಡಿ ಕಂಡ್ರೆ ಅಡುಗೆ ಸೋಡಾ ನೀರಲ್ಲಿ ಒರೆಸಿ, ಆ ನೀರು ಒಂದ್ ಹನೀನೂ ಸೆಲ್ ಒಳಗೆ ಹೋಗ್ಬಾರ್ದು, ಒಣಗಿದ್ ಮೇಲೆ ನಟ್ಟು ಬಿಗಿ ಮಾಡಿ ಪೆಟ್ರೋಲಿಯಂ ಜೆಲ್ಲಿ ಸವರಿ. ಲೂಸ್ ಟರ್ಮಿನಲ್ಲೇ ಬ್ಯಾಟರಿ ಸಿಡಿಯೋಕೆ ದೊಡ್ಡ ಕಾರಣಗಳಲ್ಲಿ ಒಂದು, ಕರೆಂಟ್ ಹೋಗಿ ಲೋಡ್ ಬಿದ್ದಾಗ ಅಲ್ಲೇ ಕಿಡಿ, ಗ್ಯಾಸೂ ಅಲ್ಲೇ. ಸ್ಪಾನರ್ ಹಿಡಿಯೋ ಮುಂಚೆ ಉಂಗುರ, ಕಡಗ ತೆಗ್ದಿಡಿ, ಸ್ಪಾನರ್ ಹಿಡಿಗೆ ಇನ್ಸುಲೇಷನ್ ಟೇಪ್ ಸುತ್ತಿ. ಎರಡು ಟರ್ಮಿನಲ್ಲಿಗೆ ಅಡ್ಡ ಬಿದ್ರೆ ನೂರಾರು ಆಂಪ್ ಹರಿದು ಸ್ಪಾನರ್ರೇ ಕೆಂಪಗಾಗತ್ತೆ.

ಮೂಗಿಗೂ ಕೆಲಸ ಕೊಡಿ. ಹೈಡ್ರೋಜನ್ನಿಗೆ ವಾಸ್ನೆ ಇಲ್ಲ ನಿಜ, ಆದ್ರೆ ಬ್ಯಾಟರಿ ಹದ ತಪ್ಪಿ ಕಾದಾಗ ಕೊಳೆತ ಮೊಟ್ಟೆ ವಾಸ್ನೆ ಬರತ್ತೆ. ಅದು ಹೈಡ್ರೋಜನ್ ಸಲ್ಫೈಡ್, ವಿಷ. ಚರಂಡಿ ವಾಸ್ನೆ ಅಂತ ಪ್ಲಂಬರ್‌ನ ಕರ್ಸಿದ್ ಮನೆಗಳು ಬೇಕಾದಷ್ಟಿವೆ. ಆ ವಾಸ್ನೆ ಬಂದ್ರೆ, ಬ್ಯಾಟರಿ ಮೈ ಕೈಯಿಡಕ್ಕಾಗದಷ್ಟು ಬಿಸಿ ಇದ್ರೆ, ಇಲ್ಲಾ ಹೊಟ್ಟೆ ಉಬ್ಬಿದ್ರೆ, ಮೀಟರ್ ಬೋರ್ಡ್ ಹತ್ರ ಯುಪಿಎಸ್ ಲೈನಿನ ಎಂಸಿಬಿ ಇಳಿಸಿ, ಕಿಟಕಿ ತೆಗೀರಿ, ಮಕ್ಳನ್ನ ಹೊರಗೆ ಕಳ್ಸಿ, ತಣ್ಣಗಾಗೋ ತನಕ ಟರ್ಮಿನಲ್ ಬಿಚ್ಚಕ್ ಹೋಗ್ಬೇಡಿ, ಬಿಚ್ಚುವಾಗ ಬರೋ ಕಿಡಿ ಒಂದೇ ಸಾಕು. ಆಸಿಡ್ ಕಣ್ಣಿಗೆ ಹಾರಿದ್ರೆ ಆಟೋ ಹುಡುಕೋ ಮುಂಚೆ ನಲ್ಲಿ ಕೆಳಗೆ ಕಣ್ಣು ಬಿಟ್ಕೊಂಡು ಕಾಲು ಗಂಟೆ ತೊಳೀಬೇಕು, ಆಮೇಲೆ ಕಣ್ಣಾಸ್ಪತ್ರೆ.

ಟ್ರ್ಯಾಕ್ಟರ್ ಬ್ಯಾಟರಿ ಡೌನ್ ಆದಾಗ

ಮಂಡ್ಯ ಕಡೆ ಕಬ್ಬು ಕಟಾವಿನ ಟೈಮಲ್ಲಿ ಟ್ರ್ಯಾಕ್ಟರ್ ಸ್ಟಾರ್ಟ್ ಆಗ್ಲಿಲ್ಲ ಅಂದ್ರೆ ಪಕ್ಕದ ಗದ್ದೆಯೋರ ಟ್ರ್ಯಾಕ್ಟರ್ ತಂದು ವೈರ್ ಕೊಟ್ಟು ಎಬ್ಬಿಸ್ತಾರೆ. "ಅಪ್ಪನ್ ಕಾಲ್ದಿಂದ ಇಂಗೇ ಮಾಡ್ಕಬಂದಿವಿ ಕಣಣ್ಣ, ಏನೂ ಆಗಕಿಲ್ಲ ಬುಡು" ಅಂತಾರೆ. ಆಗೋದು ಕೊನೇ ವೈರಲ್ಲಿ. ಕೆಂಪು ವೈರು ಸತ್ತಿರೋ ಬ್ಯಾಟರಿ ಪ್ಲಸ್ಸಿಗೆ, ಅದರ ಇನ್ನೊಂದು ತುದಿ ಚೆನ್ನಾಗಿರೋ ಬ್ಯಾಟರಿ ಪ್ಲಸ್ಸಿಗೆ, ಕಪ್ಪು ವೈರು ಚೆನ್ನಾಗಿರೋದ್ರ ಮೈನಸ್ಸಿಗೆ, ಕಪ್ಪಿನ ಕೊನೇ ತುದಿ ಮಾತ್ರ ಸತ್ತಿರೋ ಬ್ಯಾಟರಿ ಮೇಲೆ ಅಲ್ಲ, ಆ ಟ್ರ್ಯಾಕ್ಟರಿನ ಇಂಜಿನ್ನಿನ ಪೇಂಟ್ ಇಲ್ಲದಿರೋ ಕಬ್ಬಿಣಕ್ಕೆ, ಬ್ಯಾಟರಿಯಿಂದ ಒಂದು ಮಾರು ದೂರಕ್ಕೆ. ಕೊನೇ ತುದಿ ಮುಟ್ಟಿಸಿದಾಗ ಕಿಡಿ ಬಂದೇ ಬರತ್ತೆ, ಅದು ಗ್ಯಾಸ್ ಇಲ್ಲದ್ ಕಡೆ ಬರ್ಲಿ ಅಂತ ಅಷ್ಟೆ. ಬಿಚ್ಚೋವಾಗ ಇದೇ ಹಿಂದಿನಿಂದ ಮುಂದಕ್ಕೆ. ಬಾಯಲ್ಲಿ ಬೀಡಿ ಇದ್ರೆ ಮೊದ್ಲು ಬದುವಿನ ಆಚೆ ಎಸೀರಿ.

ಸಿಲಿಂಡರ್

14.2 ಕೆಜಿ ಮನೆ ಸಿಲಿಂಡರ್ ಒಳಗೆ ಇರೋದು ಲಿಕ್ವಿಡ್. ಒಂದು ಲೀಟರ್ ಲಿಕ್ವಿಡ್ಡು ಆವಿಯಾದ್ರೆ ಸುಮಾರು 250 ಲೀಟರ್ ಗ್ಯಾಸು. ಗಾಳೀಲಿ ಎರಡು ಪರ್ಸೆಂಟ್ ಸುಮಾರು ಸೇರಿದ್ರೆ ಸಾಕು ಹೊತ್ಕೊಳತ್ತೆ. ಅದಕ್ಕೆ ತಾನಾಗಿ ವಾಸ್ನೆ ಇಲ್ಲ, ನಮ್ ಮೂಗಿಗೆ ಹೊಡೀಲಿ ಅಂತ ಮರ್ಕ್ಯಾಪ್ಟನ್ ಬೆರೆಸಿರ್ತಾರೆ.

ರಾತ್ರಿ ಎದ್ದಾಗ ಗ್ಯಾಸ್ ವಾಸ್ನೆ ಬಂತು ಅಂತಿಟ್ಕೊಳಿ. ಲೈಟ್ ಹಾಕಬಾರ್ದು ಅಂತ ಎಲ್ರಿಗೂ ಗೊತ್ತು, ಉರೀತಿರೋ ಲೈಟು ಆರಿಸ್ಲೂಬಾರ್ದು ಅಂತ ಸುಮಾರು ಜನಕ್ಕೆ ಗೊತ್ತಿಲ್ಲ, ಎಕ್ಸಾಸ್ಟ್ ಫ್ಯಾನ್ ಹಾಕಿ ಗ್ಯಾಸ್ ಓಡಿಸೋಣ ಅನ್ನೋರಂತೂ ಇದಾರೆ, ದಯವಿಟ್ಟು ಬೇಡ. ಬಾಗಿಲು ಕಿಟಕಿ ತೆಗೀರಿ, ಒಲೆ ನಾಬ್ ನೋಡಿ, ರೆಗ್ಯುಲೇಟರ್ ಆಫ್ ಮಾಡಿ ಬಿಚ್ಚಿ, ದಾರ ಕಟ್ಟಿರೋ ಆ ಪ್ಲಾಸ್ಟಿಕ್ ಕ್ಯಾಪ್ ವಾಲ್ವ್ ಮೇಲೆ ಒತ್ತಿ ಕೂರಿಸಿ, ಮನೆಯಿಂದ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ, ಗ್ಯಾಸ್ ಲೀಕಿಗೇ ಅಂತ ಇರೋ ನಂಬರ್ ಅದು.

ಈಗ ಯುಪಿಎಸ್ಸನ್ನ ಅಡುಗೆಮನೆ ಹತ್ರ ಬೇಡ ಅಂದಿದ್ದು ಯಾಕೆ ಅಂತ ನೋಡಿ. ಲೀಕ್ ಆಗ್ತಿದೆ, ಎಲ್ರೂ ಮಲಗಿದಾರೆ, ಯಾರೂ ಸ್ವಿಚ್ ಮುಟ್ಟಿಲ್ಲ. ಅಷ್ಟ್ರಲ್ಲಿ ಕರೆಂಟ್ ಹೋಗತ್ತೆ. ಯುಪಿಎಸ್ ಒಳಗೆ ಟಕ್ ಅಂತ ರಿಲೇ, ಅಂದ್ರೆ ತಾನಾಗೇ ಬದಲಾಗೋ ಸ್ವಿಚ್ಚು, ಹೊಡೀತು, ಆ ಟಕ್ ಅನ್ನೋದೇ ಕಿಡಿ. ನೆಲದ್ ಮೇಲೆ ಹರ್ಕೊಂಡ್ ಬರೋ ಗ್ಯಾಸು, ನೆಲದ್ ಮೇಲೇ ಕೂತಿರೋ ಯುಪಿಎಸ್ ಟ್ರಾಲಿ. ಫ್ರಿಜ್ಜಿನದೂ ಇದೇ ಕಥೆ, ಅದು ತಾನಾಗೇ ಆನ್ ಆಫ್ ಆಗ್ತಿರತ್ತೆ. ಅಡುಗೆಮನೇಲಿ ಸಿಲಿಂಡರ್‌ನ ಕಟ್ಟೆ ಕೆಳಗೆ ಶಟರ್ ಹಾಕಿ ಮುಚ್ಚಿದ್ರೆ ನೆಲಮಟ್ಟದಲ್ಲಿ ಗಾಳಿ ಹೋಗಕ್ಕೆ ತೂತು ಇರ್ಲೇಬೇಕು, ಇಲ್ಲಿ ಮೇಲಿನ ವೆಂಟಿಲೇಟರ್ ಲೆಕ್ಕಕ್ಕಿಲ್ಲ. ಪೈಪ್ ಗ್ಯಾಸ್ ಬಂದಿರೋ ಬಡಾವಣೆಯೋರು ಉಲ್ಟಾ ಯೋಚ್ನೆ ಮಾಡಿ, ಅದು ಮೀಥೇನ್, ಮೇಲಕ್ಕೆ ಹೋಗತ್ತೆ, ಹಳೇ ಮನೆಗಳ ಆ ಎತ್ತರದ ಗವಾಕ್ಷಿನ ಸೊಳ್ಳೆ ಬರತ್ತೆ ಅಂತ ಮುಚ್ಚಿಸ್ಬೇಡಿ, ಮೆಶ್ ಹೊಡ್ಸಿ.

ಸಿಲಿಂಡರ್ ಇಳಿಸ್ಕೊಳೋವಾಗ ಹಿಡಿ ಕೆಳಗಿನ ಪಟ್ಟಿ ಮೇಲೆ ಎ, ಬಿ, ಸಿ, ಡಿ ಅಕ್ಷರದ ಜೊತೆ ಎರಡಂಕಿ ಇರತ್ತೆ ನೋಡಿ. ಎ ಅಂದ್ರೆ ಜನವರಿಯಿಂದ ಮಾರ್ಚು, ಡಿ ಅಂದ್ರೆ ಅಕ್ಟೋಬರಿಂದ ಡಿಸೆಂಬರ್ರು, ಅಂಕಿ ವರ್ಷ. ಅದು ಗ್ಯಾಸಿನ ಎಕ್ಸ್‌ಪೈರಿ ಅಲ್ಲ, ಆ ಸಿಲಿಂಡರ್‌ನ ಮತ್ತೆ ಟೆಸ್ಟ್ ಮಾಡ್ಬೇಕಾದ ಗಡುವು, ದಾಟಿದ್ರೆ ವಾಪಸ್ ಕಳ್ಸಿ. ಆರೆಂಜ್ ಸುರಕ್ಷಾ ಟ್ಯೂಬ್ 5 ವರ್ಷಕ್ಕೆ ಬದಲಾಯಿಸಿ, ಡೇಟು ಟ್ಯೂಬ್ ಮೇಲೇ ಇದೆ. ಲೀಕ್ ನೋಡಕ್ಕೆ ಸೋಪಿನ ನೀರು, ಗುಳ್ಳೆ ಬಂದ್ರೆ ಲೀಕು. ಬೆಂಕಿಕಡ್ಡಿ ತೋರ್ಸಿ ನೋಡೋ ಧೈರ್ಯವಂತರಿಗೆ ಹೇಳೋದೇನೂ ಇಲ್ಲ.

ಗೋಬರ್ ಗ್ಯಾಸ್ ಇರೋರಿಗೆ ಎರಡೇ ಮಾತು. ಹೊಸ ಪ್ಲಾಂಟಿನ ಮೊದಲ್ನೇ ಸಲದ ಗ್ಯಾಸಲ್ಲಿ ಗಾಳಿ ಬೆರೆತಿರತ್ತೆ, ಹಚ್ಚದೇ ಹೊರಗೆ ಬಿಡಿ, ಆಮೇಲೂ ಪೈಪ್ ಬಾಯಲ್ಲಿ ಹಚ್ಚಿ ನೋಡ್ಬೇಡಿ, ಒಲೇಲೇ ಹಚ್ಚಿ. ಗುಂಡಿ ಕಟ್ಕೊಂಡಿದೆ ಅಂತ ಯಾರನ್ನೂ ಒಳಗೆ ಇಳಿಸ್ಬೇಡಿ, ಬಿದ್ದೋರನ್ನ ಎತ್ತೋಕೆ ಇಳಿದೋರೂ ಎದ್ದು ಬರಲ್ಲ. ಒಳಗೆ ಉಸಿರಾಡೋ ಗಾಳಿ ಇರಲ್ಲ, ಮೊಟ್ಟೆ ವಾಸ್ನೆ ಜಾಸ್ತಿಯಾದ್ರೆ ಮೂಗೇ ಮರಗಟ್ಟಿ ವಾಸ್ನೆ ಹೋಯ್ತು ಅನ್ಸತ್ತೆ.

ಇ-ಸ್ಕೂಟರ್, ಮೊಬೈಲ್

ಲಿಥಿಯಂ ಬ್ಯಾಟರಿ ಬೇರೆ ಜಾತಿ. ಒಂದು ಸೆಲ್ ಹದ ತಪ್ಪಿ ಕಾದ್ರೆ ತನ್ ಬಿಸಿ ತಾನೇ ಜಾಸ್ತಿ ಮಾಡ್ಕೊಂಡು ಪಕ್ಕದ್ ಸೆಲ್ಲಿಗೂ ಹಬ್ಬಿಸತ್ತೆ. ಬುಸ್ ಅಂತ ಬಿಳೀ ಹೊಗೆ ಬರತ್ತಲ್ಲ, ಅದು ಬರೀ ಹೊಗೆ ಅಲ್ಲ, ಹೈಡ್ರೋಜನ್ನು, ಕಾರ್ಬನ್ ಮೊನಾಕ್ಸೈಡು, ಜೊತೆಗೆ ಹೈಡ್ರೋಜನ್ ಫ್ಲೋರೈಡ್ ಅನ್ನೋ ವಿಷ. ಮುಚ್ಚಿದ ರೂಮಲ್ಲಿ ತುಂಬಿದ್ರೆ ಬಾಗಿಲು ಕಿತ್ತು ಹಾರೋ ಹಂಗೆ ಸಿಡಿಯತ್ತೆ. ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್, ಲಿಥಿಯಂನಲ್ಲೇ ಒಂದು ಬಗೆ) ಬ್ಯಾಟರಿ ಬೇಗ ಕೆರಳಲ್ಲ ಅನ್ನೋದು ನಿಜ, ಕೆರಳಿದ್ರೆ ಅದರ ಗ್ಯಾಸೂ ಹೊತ್ಕೊಳತ್ತೆ.

2022ರ ಬೇಸಿಗೇಲಿ ದೇಶದ ಹಲವು ಕಡೆ ಸ್ಕೂಟರ್‌ಗಳು ಹೊತ್ತುರಿದ ಮೇಲೆ ಎಐಎಸ್ 156 ಅನ್ನೋ ಬ್ಯಾಟರಿ ಸುರಕ್ಷತಾ ನಿಯಮ ಬಿಗಿ ಮಾಡಿದ್ರು, ಮೊದಲ ಹಂತ 2022ರ ಡಿಸೆಂಬರ್, ಎರಡ್ನೇದು 2023ರ ಮಾರ್ಚ್ ಕೊನೆ. ಸೆಕೆಂಡ್ ಹ್ಯಾಂಡ್ ತಗೊಳೋರು ಗಾಡಿ ಅದಕ್ಕಿಂತ ಹಳೇದಾ ಅಂತ ಕೇಳಿ. ಕಮ್ಮಿ ದುಡ್ಡಿಗೆ ಸೆಲ್ ಬದಲಾಯ್ಸಿ ಪ್ಯಾಕ್ ಕಟ್ಕೊಡ್ತೀವಿ ಅನ್ನೋರ ಹತ್ರ ನಾನಾದ್ರೆ ಹೋಗಲ್ಲ, ಹಳೇ ಸೆಲ್ಲು ಹೊಸ ಸೆಲ್ಲು ಬೆರೆಸಿ ಕಟ್ಟಿದ್ ಪ್ಯಾಕು ಒಂದೇ ಸಮ ಚಾರ್ಜ್ ಆಗಲ್ಲ.

ಬಾಡಿಗೆ ಮನೆಗಳಲ್ಲಿ ನಂಗೆ ಕಾಣೋ ದೊಡ್ಡ ತೊಂದ್ರೆ ಅಂದ್ರೆ ಮೆಟ್ಟಿಲ ಕೆಳಗೆ ಯುಪಿಎಸ್ಸು, ಅದರ ಪಕ್ಕ ಸ್ಕೂಟರ್ ಚಾರ್ಜಿಂಗು, ಅದರ ಪಕ್ಕ ಖಾಲಿ ಸಿಲಿಂಡರ್ರು, ಮೇಲಿನ ಮನೆಯೋರು ಇಳಿಯಕ್ಕೆ ಅದೊಂದೇ ಮೆಟ್ಟಿಲು. ಅಲ್ಲಿ ಬೆಂಕಿ ಬಿದ್ರೆ ಮೇಲಿನೋರಿಗೆ ದಾರಿ ಎಲ್ಲಿ? ಸ್ಕೂಟರ್‌ನ ಕಾಂಪೌಂಡ್ ಗೋಡೆ ಕಡೆ, ಬಾಗಿಲಿಂದ ದೂರ ಚಾರ್ಜ್ ಮಾಡಿ, 15 ಆಂಪ್ ಪಾಯಿಂಟಿಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸ್ ಬೇಡ, ಬಿಸಿಲಲ್ಲಿ ಓಡಿಸ್ಕೊಂಡ್ ಬಂದ ತಕ್ಷಣ ಚಾರ್ಜಿಗೆ ಹಾಕದೇ ಅರ್ಧ ಗಂಟೆ ಆರಕ್ಕೆ ಬಿಡಿ, ಗಾಡಿ ಜೊತೆ ಬಂದ ಚಾರ್ಜರ್ರೇ ಇರ್ಲಿ. ಬ್ಯಾಟರಿ ಬಿಚ್ಚಿ ಒಳಗೆ ತರೋ ಮಾಡೆಲ್ ಆದ್ರೆ ಮಂಚ ಸೋಫಾ ಮೇಲಲ್ಲ, ಬರೀ ನೆಲದ್ ಮೇಲೆ, ಎಚ್ಚರ ಇರೋವಾಗ.

ಹೊಗೆ ಬಂತಾ, ಗಾಡಿ ಉಳಿಸಕ್ಕೆ ಹೋಗ್ಬೇಡಿ. ಜನ ಹೊರಗೆ, 101 ಇಲ್ಲಾ 112. ಪೌಡರ್ ಎಕ್ಸ್‌ಟಿಂಗ್ವಿಷರ್ ಜ್ವಾಲೆ ಆರಿಸತ್ತೆ, ಒಳಗಿನ ಬಿಸಿ ಆರಿಸಲ್ಲ, ಅದಕ್ಕೆ ತುಂಬ ನೀರು ಬೇಕು, ಆರಿದ್ ಪ್ಯಾಕು ಗಂಟೆಗಟ್ಲೆ ಬಿಟ್ಟು ಮತ್ತೆ ಹೊತ್ಕೊಳೋದೂ ಉಂಟು, ಹಾಗಾಗಿ ಮನೆ ಒಳಗೆ ವಾಪಸ್ ತರ್ಬೇಡಿ.

ಮೊಬೈಲ್ ಬ್ಯಾಟರಿ ಊದ್ಕೊಂಡು ಸ್ಕ್ರೀನ್ ಎದ್ದಿದ್ರೆ ಒತ್ತಿ ಕೂರಿಸ್ಬೇಡಿ, ಚುಚ್ಚಿ ಗಾಳಿ ತೆಗೀಬೇಡಿ, ಚಾರ್ಜ್ ಹಾಕ್ಬೇಡಿ. ಹಳೇ ಲಿಥಿಯಂ ಸೆಲ್ಲು, ಪವರ್ ಬ್ಯಾಂಕು ಬೆಳಿಗ್ಗೆ ಬರೋ ಪಾಲಿಕೆ ಕಸದ ಗಾಡಿಗೆ ಹಸಿ ಕಸ ಒಣ ಕಸದ ಜೊತೆ ಹಾಕಿದ್ರೆ ಗಾಡೀಲಿ ಕಸ ಒತ್ತೋವಾಗ ಸೆಲ್ ಒಡೆದು ಗಾಡಿಗೇ ಬೆಂಕಿ, ಆ ಬೆಂಕಿ ಮುಂದೆ ನಿಲ್ಲೋದು ಪೌರಕಾರ್ಮಿಕರು. ತುದಿಗಳಿಗೆ ಟೇಪ್ ಅಂಟ್ಸಿ ಇ-ವೇಸ್ಟ್ ತಗೊಳೋರಿಗೆ ಕೊಡಿ. ಯುಪಿಎಸ್ಸಿನ ಹಳೇ ಬ್ಯಾಟರಿ ಗುಜರಿಗೆ ಹಾಕೋದಕ್ಕಿಂತ ಹೊಸದು ತಗೊಳೋ ಅಂಗಡೀಲೇ ಎಕ್ಸ್‌ಚೇಂಜ್ ಮಾಡಿ, ದುಡ್ಡೂ ಸಿಗತ್ತೆ. ಆಟೋದಲ್ಲಿ ಸಾಗಿಸೋವಾಗ ಮಲಗಿಸದೇ ನಿಲ್ಲಿಸಿ ತಗೊಂಡ್ ಹೋಗಿ, ಆಸಿಡ್ ಚೆಲ್ಲತ್ತೆ.